ಶುಂಠಿ ನ್ಯಾನ್ ಅಂಗಡಿಯ ಬೋಣಿ

ತೇತ್ ಹೊಸವರ್ಷಕ್ಕೆ ಇನ್ನು ಇಪ್ಪತ್ತಾರು ದಿನ ಇದ್ದಾಗ, ಒಂದು ಸೋಮವಾರ ಬೆಳಿಗ್ಗೆ, ಶುಂಠಿ ನ್ಯಾನ್ ಅವರ ಅಂಗಡಿಗೆ ಬೀಗ ಬಿತ್ತು. ಬೀಗ ಹಾಕಿದವನ ಮುಖವನ್ನು ಮನೆಯಲ್ಲಿ ಯಾರೂ ನೋಡಲಿಲ್ಲ. ಸೊಸೆ ದಿಯೆಪ್ ಎಂದಿನಂತೆ ಫೋನು ತೆರೆದು ಆ ದಿನದ ವಿಳಾಸದ ಚೀಟಿಗಳನ್ನು ಅಚ್ಚು ಹಾಕಲು ಹೋದಳು. ಮಾರಾಟದ ಆ್ಯಪಿನಲ್ಲಿ ಅಂಗಡಿಯ ಹೆಸರಿದ್ದ ಕಡೆ ಬೂದು ಬಣ್ಣದ ಪಟ್ಟಿ, ಅದರ ಮೇಲೆ ಎರಡು ಸಾಲು: ನಕಲಿ ಆರ್ಡರುಗಳ ಕಾರಣಕ್ಕೆ ಈ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ. ಮೇಲ್ಮನವಿಗೆ ಇಲ್ಲಿ ಒತ್ತಿ.

ದಿಯೆಪ್ ಒತ್ತಿದಳು. "ನಿಮ್ಮ ಮನವಿ ತಲುಪಿದೆ, ಧನ್ಯವಾದ" ಎಂದು ತಕ್ಷಣ ಉತ್ತರ ಬಂತು. ಅಷ್ಟು ಬೇಗ ಉತ್ತರ ಕೊಡುವವರು ಓದಿರುವುದಿಲ್ಲ ಎಂದು ಅವಳಿಗೆ ಆಗಲೇ ಗೊತ್ತಾಗಬೇಕಿತ್ತು.

ಅಡುಗೆಮನೆಯಲ್ಲಿ ಅತ್ತೆ ನ್ಯಾನ್ ಇದ್ದಿಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಣಲೆ ತಿರುವುತ್ತಿದ್ದರು. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಶುಂಠಿಯನ್ನು ನಿಂಬೆರಸದಲ್ಲಿ ನೆನೆಸಿ, ಬೇಯಿಸಿ, ಸಕ್ಕರೆ ಬೆಳ್ಳಗೆ ಅಂಟಿಕೊಳ್ಳುವವರೆಗೆ ಒಂದೇ ಉರಿಯಲ್ಲಿ ಕೈ ಬಿಡದೆ ತಿರುವುವ ಕೆಲಸ. ಹುಯೆ ಪಟ್ಟಣದಲ್ಲಿ ಹಬ್ಬದ ದಿನ ಮನೆಗೆ ಬಂದವರ ಮುಂದೆ ಚಹಾದ ಜೊತೆ ಈ ಶುಂಠಿಯ ತಟ್ಟೆ ಇರಲೇಬೇಕು. ಹಬ್ಬ ಕಳೆದ ಮೇಲೆ ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ. ಆ ಮನೆಯ ವರ್ಷದ ಊಟ ಈ ಆರು ವಾರದಲ್ಲೇ ಹುಟ್ಟಬೇಕಿತ್ತು.

"ಅಮ್ಮ, ಅಂಗಡಿ ಮುಚ್ಚಿಬಿಟ್ಟಿದಾರೆ," ಅಂದಳು ದಿಯೆಪ್.

"ಯಾರು?"

"ಕಂಪನಿಯೋರು. ನಕಲಿ ಆರ್ಡರು ಮಾಡಿದೀರಿ ಅಂತಾರೆ."

"ನಕಲಿ ಅಂದ್ರೆ?"

"ಕೊಳ್ಳದೇ ಇರೋರು ಕೊಂಡ ಹಾಗೆ ತೋರಿಸೋದು. ಅಂಗಡಿ ಜೋರಾಗಿ ನಡೀತಿದೆ ಅಂತ ಜನ ನಂಬಲಿ ಅಂತ."

ನ್ಯಾನ್ ಸೌಟು ನಿಲ್ಲಿಸಲಿಲ್ಲ. "ಬೇರೆ ಯಾರದೋ ಅಂಗಡಿ ಇರಬೇಕು. ನೋಡಿ ಹೇಳು ಅನ್ನು ಅವರಿಗೆ. ಗಂಜಿ ಆರ್ತಾ ಇದೆ, ತಿನ್ನು."

ಗಂಡ ಖಾಂಗ್ ಗಂಜಿಯ ಬಟ್ಟಲು ಕೆಳಗಿಟ್ಟು ಫೋನು ಕಸಿದುಕೊಂಡು ನೋಡಿದ. ಅವನು ದನಾಂಗ್ ಊರಿಗೆ ಓಡುವ ಬಸ್ಸಿನ ಡ್ರೈವರ್ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು. ಅದೇ ಹೊತ್ತಿಗೆ ನ್ಯಾನ್ ಅವರೂ ದೊಡ್ಡ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಕೂತ ಜಾಗ ಬಿಟ್ಟುಕೊಟ್ಟಿದ್ದರು. ಎರಡನ್ನೂ ಬಿಡಿಸಿದವಳು ದಿಯೆಪ್. ಅತ್ತೆಗೆ ಮಂಡಿನೋವು, ಮಾರುಕಟ್ಟೆಗೆ ಜನ ಕಡಿಮೆ, ಎಲ್ಲ ಫೋನಿನಲ್ಲೇ ಕೊಳ್ಳುತ್ತಾರೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ಒಪ್ಪಿಸಿದ್ದಳು. ಅತ್ತೆಯ ಜಾಗದಲ್ಲಿ ಈಗ ಕಾಲುಚೀಲ ಮಾರುವವನೊಬ್ಬ ಕೂತಿದ್ದಾನೆ.

"ಇನ್ನೂರ ಹನ್ನೆರಡು ಆರ್ಡರು ಇದ್ವಲ್ಲ, ಅವು?" ಖಾಂಗ್ ಕೇಳಿದ.

"ಕಾಣಿಸ್ತಾ ಇಲ್ಲ. ಹೆಸರು, ವಿಳಾಸ, ಒಂದೂ ಇಲ್ಲ."

ಪಡಸಾಲೆಯಲ್ಲಿ ಡಬ್ಬಿಗಳು ಎದೆಯೆತ್ತರ ಪೇರಿಸಿದ್ದವು. ಯಾವುದು ಯಾರದು ಎಂದು ಹೇಳುವವರು ಈಗ ಊರಲ್ಲಿ ಯಾರೂ ಇರಲಿಲ್ಲ.

ಮೂರನೆಯ ದಿನದಿಂದ ಫೋನುಗಳು ಶುರುವಾದವು. ಪ್ರತಿ ಡಬ್ಬಿಯಲ್ಲೂ ಮನೆಯ ನಂಬರಿರುವ ಒಂದು ಚೀಟಿ ಇಡುವುದು ದಿಯೆಪ್ಪಳದೇ ಜಾಣತನ. ಹಳೆಯ ಗಿರಾಕಿಗಳೆಲ್ಲ ಆ ಚೀಟಿ ಹುಡುಕಿ ತೆಗೆದರು. ಹಬ್ಬಕ್ಕೆ ಬೇಕಿತ್ತು, ಎಲ್ಲಿ? ಅಂಗಡಿಯೇ ಮಾಯವಾಗಿದೆಯಲ್ಲ, ಓಡಿಹೋದಿರಾ? ಕಳ್ಳರು. ಒಬ್ಬಳು ಹೆಂಗಸು ಇಪ್ಪತ್ತು ಡಬ್ಬಿ ಹೇಳಿದ್ದಳು, ಮಗನ ಆಫೀಸಿನವರಿಗೆ ಹಂಚಲು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಖಾಂಗ್‌ಗೆ ಪಿತ್ತ ನೆತ್ತಿಗೇರಿ, "ನಿಮ್ಮ ಮಗನ ಆಫೀಸಿಗೆ ಶುಂಠಿ ಸಾಲಲ್ಲ, ಮೆಣಸಿನಕಾಯಿ ಹಂಚಿ" ಎಂದು ಬರೆದು ಕಳಿಸಿದ. ಅರ್ಧ ಗಂಟೆಯಲ್ಲಿ ಅದರ ಸ್ಕ್ರೀನ್‌ಶಾಟ್ ಹುಯೆಯ ಅರ್ಧ ಊರು ಸುತ್ತಿ ಮಗಳ ಫೋನಿಗೇ ಬಂತು.

"ಅಪ್ಪ ಫೇಮಸ್ ಆಗಿದಾರೆ," ಅಂದಳು ಹದಿನಾರರ ಥಾವ್, ಅನ್ನದ ತಟ್ಟೆ ಹಿಡಿದು ಒಳಗೆ ಬರುತ್ತ. "ನಮ್ಮ ಕ್ಲಾಸಿನ ಗ್ರೂಪಲ್ಲಿ ಮೆಣಸಿನಕಾಯಿ ಅಂಕಲ್ ಅಂತ ಹೆಸರಿಟ್ಟಿದಾರೆ."

"ನಗು ಬರುತ್ತಾ ನಿಂಗೆ?" ದಿಯೆಪ್ ರೇಗಿದಳು.

"ಅಳೋಕೆ ನೀನಿದೀಯಲ್ಲ."

ಆ ಮಧ್ಯಾಹ್ನ ಊಟದ ಮೇಲೆ ದಿಯೆಪ್ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಭಾಗದಲ್ಲಿ ಗಿರಾಕಿಗಳಿಗೆ ಹೇಗೆ ಉತ್ತರಿಸಬೇಕೆಂದು ದಪ್ಪಗೆ ಬರೆದು ಗೋಡೆಗೆ ಅಂಟಿಸಿದಳು. ಮೊದಲು ನಮಸ್ಕಾರ. ಆಮೇಲೆ ಕ್ಷಮೆ. ಏನಾಯಿತೆಂದು ಒಂದೇ ಮಾತಿನಲ್ಲಿ. ನಾವೇನು ಮಾಡುತ್ತೇವೆ, ಯಾವಾಗ. ಕಂಪನಿಯನ್ನು ಬೈಯುವಂತಿಲ್ಲ, ಗಿರಾಕಿಯನ್ನು ಬೈಯುವಂತಿಲ್ಲ. ಹಸಿದಾಗ ಯಾರೂ ಫೋನು ಮುಟ್ಟುವಂತಿಲ್ಲ. ಕೊನೆಯ ಸಾಲನ್ನು ಓದಿ ಅತ್ತೆ ಮಾತ್ರ ತಲೆದೂಗಿದರು.

"ಮಾರ್ಕೆಟ್ಟಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ," ಅಂದರು ನ್ಯಾನ್. "ಯಾರಾದ್ರೂ ಮುನಿಸ್ಕೊಂಡು ಬಂದ್ರೆ ಪಕ್ಕದಲ್ಲಿ ಕೂರಿಸ್ಕೊಂಡು, ಬಾಯಿಗೊಂದು ಚೂರು ಹಾಕಿ, ಮೇಲೊಂದು ಹಿಡಿ ಕೊಡ್ತಿದ್ದೆ. ಬೈಕೊಂಡು ಬಂದೋಳು ಮಗಳ ಮದುವೆ ವಿಷಯ ಹೇಳಿ ಹೋಗ್ತಿದ್ಲು."

"ಇವರ ಬಾಯಿಗೆ ಹೇಗೆ ಹಾಕ್ಲಿ ಅಮ್ಮ? ಸೈಗಾನಲ್ಲಿ ಇದಾರೆ."

ಆದರೂ ದಿಯೆಪ್ ಅದನ್ನೇ ಮಾಡಿದಳು, ತನಗೆ ತಿಳಿದ ಹಾಗೆ. ಫೋನು ಮಾಡಿದವರಿಗೆಲ್ಲ ಒಂದೇ ಮಾತು: ನಿಮ್ಮ ದುಡ್ಡು ಕಂಪನಿಯಿಂದ ನಿಮಗೆ ವಾಪಸು ಬರುತ್ತದೆ, ವಿಳಾಸ ಹೇಳಿ, ಡಬ್ಬಿ ನಾವೇ ಕಳಿಸುತ್ತೇವೆ, ಕೈಗೆ ಬಂದ ಮೇಲೆ ಕೊಡಿ. ಮೆಣಸಿನಕಾಯಿ ಹೆಂಗಸಿಗೂ ಫೋನು ಮಾಡಿ ಗಂಡನ ಪರವಾಗಿ ಕ್ಷಮೆ ಕೇಳಿದಳು. ಹೆಂಗಸು ಫೋನಿಟ್ಟುಬಿಟ್ಟಳು. ಬೆಟ್ಟದ ಊರಿನ ಒಬ್ಬ ಮುದುಕರು ಮಾತ್ರ, ಹೆಂಡತಿ ತೀರಿಹೋದ ಮೇಲೆ ಇದು ಮೊದಲ ತೇತ್, ಅವಳ ಪಟದ ಮುಂದೆ ಇಡಬೇಕು, ಅವಳಿಗೆ ಬೇರೆ ಶುಂಠಿ ಸೇರುತ್ತಿರಲಿಲ್ಲ ಎಂದು ಸಂಕೋಚದಿಂದ ಕೇಳಿದರು. ಅವರ ಡಬ್ಬಿ ಅಂದೇ ಹೋಯಿತು. ಒಂದು ವಾರದಲ್ಲಿ ಹೀಗೆ ಹೊರಟದ್ದು ಮೂವತ್ತೆಂಟು ಡಬ್ಬಿ.

ಎರಡನೆಯ ವಾರ ಜಿಟಿಜಿಟಿ ಮಳೆ ಹಿಡಿಯಿತು. ಹಬ್ಬದ ಮುಂಚಿನ ಈ ಮಳೆ ಹುಯೆಯವರಿಗೆ ಹೊಸದಲ್ಲ, ಆದರೆ ಆ ಹೊತ್ತಿಗೆ ಶುಂಠಿ ಮನೆಯಲ್ಲಿ ಉಳಿದಿರುತ್ತಿರಲಿಲ್ಲ. ಈಗ ಡಬ್ಬಿ ಬಿಚ್ಚಿದರೆ ಬಿಲ್ಲೆಗಳು ಬೆವರುತ್ತಿದ್ದವು. ಸಕ್ಕರೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಅತ್ತೆ ಎಲ್ಲವನ್ನೂ ಮತ್ತೆ ಬಾಣಲೆಗೆ ಹಾಕಿ ಒಣಗಿಸತೊಡಗಿದರು. ಖಾಂಗ್ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಸೇತುವೆಯ ಪಕ್ಕ ನಿಂತು ಮಾರಿದ. ಅಲ್ಲಿ ಮೊದಲೇ ಹನ್ನೊಂದು ಜನ ಶುಂಠಿ ಮಾರುತ್ತಿದ್ದರು. ದಿನಕ್ಕೆ ಹದಿನೈದು ಡಬ್ಬಿ ಹೋದರೆ ಹೆಚ್ಚು. ತಟ್ಟೆಯಲ್ಲಿ ಮೀನು ಮಾಯವಾಗಿ ಬರಿ ಗೆಣಸಿನ ಸೊಪ್ಪು, ಉಪ್ಪಿನಕಾಯಿ ಕಾಣಿಸಿಕೊಂಡವು. ಥಾವ್ ಟ್ಯೂಷನ್ನಿಗೆ ಹೋಗುವುದನ್ನು ತಾನಾಗಿಯೇ ನಿಲ್ಲಿಸಿದಳು. ನಿಲ್ಲಿಸಬೇಡ ಎಂದು ಅಪ್ಪ ಹೇಳಲಿಲ್ಲ, ದಿಯೆಪ್ ಕೂಡ. ಆ ಮೌನಕ್ಕೆ ಅವಳಿಗೆ ಆಮೇಲೆ ತುಂಬ ನಾಚಿಕೆಯಾಯಿತು.

ನಕಲಿ ಆರ್ಡರು ಮಾಡಿದವರು ಯಾರು ಎಂದು ಮನೆಯವರು ನಿಜಕ್ಕೂ ತಲೆ ಕೆಡಿಸಿಕೊಂಡಿದ್ದರು. ಆಚೆ ಓಣಿಯ ಶುಂಠಿಯವನೇ ಹೊಟ್ಟೆಕಿಚ್ಚಿಗೆ ಮಾಡಿಸಿದ್ದಾನೆ ಎಂದು ಖಾಂಗ್ ತೀರ್ಮಾನಿಸಿ, ಅವನನ್ನು ನೋಡಿದರೆ ಮುಖ ತಿರುಗಿಸತೊಡಗಿದ್ದ. ದಿಯೆಪ್ ಕಂಪನಿಗೆ ಐದು ಸಲ ಬರೆದಳು. ಪ್ರತಿ ಸಲವೂ ನಮಸ್ಕಾರ, ಕ್ಷಮೆ, ಮತ್ತೆ ಒಂದೇ ಪ್ರಶ್ನೆ: ಯಾವ ಆರ್ಡರುಗಳು ನಕಲಿ, ದಯವಿಟ್ಟು ಪಟ್ಟಿ ಕೊಡಿ. ಆರನೆಯ ಸಲಕ್ಕೆ ಪಟ್ಟಿ ಬಂತು. ನೂರಾ ಹದಿನಾಲ್ಕು ನಂಬರು. ಕೊಂಡವರ ಹೆಸರು ಎಲ್ಲದಕ್ಕೂ ಒಂದೇ. ಸಮಯ ಎಲ್ಲದಕ್ಕೂ ಬೆಳಿಗ್ಗೆ ಆರರ ಆಸುಪಾಸು.

ದಿಯೆಪ್ ಪಟ್ಟಿಯನ್ನು ಕೊನೆಯವರೆಗೂ ಓದಿದಳು.

ಕೊಂಡವಳು ವೀ. ಖಾಂಗ್‌ನ ತಂಗಿ, ಮೂರು ಮನೆ ಆಚೆ ಇರುವ ಶಾಲೆ ಮೇಡಂ. ವೀಯ ಕೈಗುಣ ಒಳ್ಳೆಯದು ಎಂದು ಓಣಿಗೆಲ್ಲ ಗೊತ್ತು. ಅವಳು ಬೋಣಿ ಮಾಡಿದ ದಿನ ಸಂಜೆಯೊಳಗೆ ಬುಟ್ಟಿ ಖಾಲಿ. ಮಾರುಕಟ್ಟೆಯ ಕಾಲದಲ್ಲಿ ದಿನಾ ಶಾಲೆಗೆ ಹೋಗುವ ಮುಂಚೆ ಅವಳು ಬಂದು ಮೊದಲ ಪೊಟ್ಟಣ ಕೊಂಡ ಮೇಲೆಯೇ ನ್ಯಾನ್ ಬೇರೆಯವರಿಗೆ ತಕ್ಕಡಿ ಎತ್ತುತ್ತಿದ್ದದ್ದು. ಅಂಗಡಿ ಫೋನಿನೊಳಗೆ ಹೋದ ಮೇಲೆ ಬೋಣಿಯೂ ಫೋನಿನೊಳಗೆ ಹೋಯಿತು. ಬೆಳಿಗ್ಗೆ ಆರಕ್ಕೆ ವೀ ಈ ಮನೆಯ ಅಡುಗೆಮನೆಯಲ್ಲೇ ನಿಂತು, ಈ ಮನೆಯ ಇಂಟರ್ನೆಟ್ಟಿನಲ್ಲೇ ಒಂದು ಪೊಟ್ಟಣ ಆರ್ಡರು ಮಾಡಿ, ದುಡ್ಡು ಕಟ್ಟಿ, ಅತ್ತೆಯ ಕೈಯಿಂದ ಪೊಟ್ಟಣ ತೆಗೆದುಕೊಂಡು ಹೋಗುತ್ತಿದ್ದಳು. ಕೊರಿಯರ್‌ನವನು ಒಯ್ಯಲು ಏನಾದರೂ ಇರಬೇಕಲ್ಲ. ಅದಕ್ಕೆ ನ್ಯಾನ್ ಒಂದು ಖಾಲಿ ಡಬ್ಬಿಯಲ್ಲಿ ಎರಡು ಬಿಲ್ಲೆ ಶುಂಠಿ, ಶುಭಕ್ಕೆಂದು ಒಂದು ಕೆಂಪು ಕಾಗದ ಇಟ್ಟು ಕಳಿಸುತ್ತಿದ್ದರು. ಡಬ್ಬಿ ಡಿಪೋಗೆ ಹೋಗಿ ಅದೇ ಓಣಿಗೆ ವಾಪಸು ಬರುತ್ತಿತ್ತು. ವೀ ಐದು ನಕ್ಷತ್ರ ಒತ್ತಿ, "ಅಂಗಡಿ ಉದ್ಧಾರವಾಗಲಿ" ಎಂದು ದಿನವೂ ಬರೆಯುತ್ತಿದ್ದಳು. ಆ ಡಬ್ಬಿಗಳಿಗೆ ದಿನಾ ಚೀಟಿ ಅಂಟಿಸಿದವಳು ದಿಯೆಪ್ಪೇ. ನಕಲಿ ಆರ್ಡರು ಎಲ್ಲಿಂದ ಬಂತೆಂದು ಇಷ್ಟು ದಿನ ಹುಡುಕುವಾಗ ಅವು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ. ಬೋಣಿಯನ್ನು ಆರ್ಡರು ಎಂದು ಆ ಮನೆಯಲ್ಲಿ ಯಾರೂ ಲೆಕ್ಕ ಇಟ್ಟಿರಲಿಲ್ಲ.

ವೀಯನ್ನು ಕರೆಸಿದರು. ಅವಳು ಶಾಲೆಯ ಬಟ್ಟೆಯಲ್ಲೇ ಓಡಿ ಬಂದಳು.

"ಅತ್ತಿಗೆ, ನಾನು ಒಂದು ದಿನಾನೂ ಪುಕ್ಕಟೆ ತಗೊಂಡಿಲ್ಲ. ನಮ್ಮ ಸ್ಟಾಫ್ ರೂಮಲ್ಲಿ ಎಲ್ಲರಿಗೂ ಶುಂಠಿ ಅಂದ್ರೆ ವಾಕರಿಕೆ ಬರೋಷ್ಟು ಹಂಚಿದೀನಿ."

"ನಂಗೊತ್ತು ವೀ."

"ಮತ್ತೆ ನಕಲಿ ಹೇಗಾಗುತ್ತೆ?" ಅಂದರು ನ್ಯಾನ್. "ದುಡ್ಡು ಕೊಟ್ಲು, ತಗೊಂಡ್ಲು, ತಿಂದ್ಲು. ಇದಕ್ಕಿಂತ ಅಸಲಿ ವ್ಯಾಪಾರ ಯಾವುದು? ಹಾಗಂತ ಬರಿ ಅವರಿಗೆ."

ದಿಯೆಪ್ ಹಾಗೆಯೇ ಬರೆದಳು. ಬೋಣಿ ಎಂದರೇನು, ಕೈಗುಣ ಎಂದರೇನು, ಎರಡು ಪುಟ. ಎರಡು ದಿನದ ಮೇಲೆ ಕಂಪನಿಯಿಂದ ಮೊದಲ ಸಲ ಒಂದು ಮನುಷ್ಯನ ದನಿ ಬಂತು. ಕ್ವಾನ್ ಎಂಬ ಹುಡುಗ, ಗ್ರಾಹಕ ಸೇವೆಯವನು. ತಗ್ಗಿದ ದನಿಯಲ್ಲಿ ಮಾತಾಡಿದ.

"ಅಕ್ಕಾ, ನಮ್ಮಜ್ಜಿನೂ ಹೀಗೇ ಬೋಣಿ ಮಾಡಿಸ್ತಾರೆ. ನಂಗೆ ಅರ್ಥ ಆಗುತ್ತೆ. ಆದ್ರೆ ಪರಿಶೀಲನೆ ಮಾಡೋರು ಬೇರೆ ದೇಶದಲ್ಲಿ ಕೂತಿದಾರೆ. ಐನೂರು ಗ್ರಾಂ ಅಂತ ಬರ್ದು ಮೂವತ್ತು ಗ್ರಾಂ ಡಬ್ಬಿ ಹೋಗಿದೆ, ಅದೊಂದೇ ಅವರಿಗೆ ಕಾಣೋದು. ವಾದ ಮಾಡ್ಬೇಡಿ. ಒಪ್ಕೊಂಡೋರ ಖಾತೆ ಮತ್ತೆ ತೆರೆದಿರೋದನ್ನ ನಾನು ನೋಡಿದೀನಿ. ಕೊನೇ ಮನವಿ ಒಂದು ಇದೆ. ಖಾತೆ ಯಾರ ಹೆಸರಲ್ಲಿದೆಯೋ ಅವರು ಗುರುತಿನ ಚೀಟಿ ಹಿಡ್ಕೊಂಡು ವಿಡಿಯೊದಲ್ಲಿ ಹೇಳ್ಬೇಕು. ಏನು ಹೇಳ್ಬೇಕು ಅಂತ ಕಳಿಸ್ತೀನಿ."

ಖಾತೆ ನ್ಯಾನ್ ಅವರ ಹೆಸರಿನಲ್ಲಿತ್ತು. ಹೇಳಬೇಕಾದ ಮಾತು ಮೂರು ಸಾಲು: ನಾನು, ಅಂಗಡಿಯ ಮಾಲೀಕಳು, ಗ್ರಾಹಕರನ್ನು ವಂಚಿಸುವ ಉದ್ದೇಶದಿಂದ ನಕಲಿ ಆರ್ಡರುಗಳನ್ನು ಸೃಷ್ಟಿಸಿದ್ದೇನೆ. ನನಗೆ ಪಶ್ಚಾತ್ತಾಪವಿದೆ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ.

ಊಟದ ಹೊತ್ತಿನಲ್ಲಿ ದಿಯೆಪ್ ಅದನ್ನು ಓದಿದಳು. ನ್ಯಾನ್ ಅನ್ನದ ಬಟ್ಟಲು ಕೆಳಗಿಟ್ಟರು.

"ವಂಚಿಸುವ ಅಂತ ಇದೆಯಾ?"

"ಇದೆ ಅಮ್ಮ."

"ನಾನು ಹೇಳಲ್ಲ."

"ಬರೀ ಮಾತಲ್ವಾ ಅಮ್ಮ. ಅರ್ಧ ನಿಮಿಷ."

"ನಲವತ್ತು ವರ್ಷ ತಕ್ಕಡಿ ಹಿಡಿದೋಳು ನಾನು. ಒಂದಿನ ಕಲ್ಲು ಕಡಿಮೆ ಇಟ್ಟಿಲ್ಲ. ಪ್ರವಾಹ ಬಂದು ಸಕ್ಕರೆ ಸಿಗದಿದ್ದ ವರ್ಷಾನೂ ಹಳೇ ಮಾಲು ಕೊಡಲಿಲ್ಲ. ಈಗ ಈ ವಯಸ್ಸಲ್ಲಿ, ನನ್ ಚೀಟಿ ನಾನೇ ಹಿಡ್ಕೊಂಡು, ನಾನು ಕಳ್ಳಿ ಅಂತ ಹೇಳ್ಲಾ?"

"ಹಾಗಾದ್ರೆ ಏನ್ ಮಾಡೋಣ? ಶುಂಠಿನೇ ಬೇಯಿಸಿ ಅನ್ನದ ಬದ್ಲು ತಿನ್ನೋಣ್ವಾ?"

"ದಿಯೆಪ್, ದನಿ ಇಳಿಸು," ಅಂದ ಖಾಂಗ್. "ನಮ್ಮಮ್ಮನ ಹತ್ರ ಮಾತಾಡ್ತಿದೀಯ."

"ನಿಮ್ಮಮ್ಮನ ಹತ್ರ ನೀವೇ ಮಾತಾಡಿ ನೋಡಿ ಮತ್ತೆ. ಗಿರಾಕಿಗಳ ಹತ್ರ ಮಾತಾಡಿದ್ದು ನೋಡಿದೀವಲ್ಲ."

"ಮಾರ್ಕೆಟ್ ಜಾಗ ಬಿಡಿಸಿದ್ದು ಯಾರು?" ಖಾಂಗ್ ಕೇಳಿದ.

ಆ ಪ್ರಶ್ನೆ ಇಷ್ಟು ದಿನ ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ದಿಯೆಪ್ ಎದ್ದು ಹೋಗಿ ಹಿತ್ತಲ ನಲ್ಲಿಯ ಕೆಳಗೆ ಬಾಣಲೆಗಳನ್ನು ತಿಕ್ಕತೊಡಗಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಮಗಳು ಬಂದು ಪಕ್ಕದಲ್ಲಿ ಕೂತು, ಒಂದೊಂದನ್ನೇ ಒರೆಸಿ ಬೋರಲು ಹಾಕಿದಳು.

ಮೂರು ದಿನ ಅತ್ತೆ ಸೊಸೆಗೆ ಮಾತಿಲ್ಲ. ಒಂದೇ ಒಲೆಯ ಮುಂದೆ ಕೂತು, ಉಪ್ಪು ಬೇಕಿದ್ದರೆ ಥಾವ್‌ಗೆ ಹೇಳಿ ಕೊಡಿಸಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ಹಬ್ಬಕ್ಕೆ ಹನ್ನೊಂದು ದಿನ ಇರುವಾಗ, ನ್ಯಾನ್ ತಲೆ ಬಾಚಿ, ಮದುವೆ ಮನೆಗಳಿಗೆ ಹಾಕುವ ನೀಲಿ ನಿಲುವಂಗಿ ತೊಟ್ಟು ಪಡಸಾಲೆಗೆ ಬಂದರು.

"ಥಾವ್ ಟ್ಯೂಷನ್ ಬಿಟ್ಟಿದಾಳಂತೆ," ಅಂದರು. "ನಂಗ್ಯಾಕೆ ಹೇಳಲಿಲ್ಲ? ತೆಗಿ ಫೋನು."

ಮೊದಲ ಸಲ ಮೂರೂ ಸಾಲು ಹೇಳಿ, ಕೊನೆಗೆ, "ಆದ್ರೆ ಅವಳು ದುಡ್ಡು ಕೊಟ್ಟಿದ್ಲು" ಅಂದುಬಿಟ್ಟರು. ಎರಡನೆಯ ಸಲ "ವಂಚಿಸುವ" ಎಂಬಲ್ಲಿಗೆ ಬಂದು ನಿಂತುಬಿಟ್ಟರು. ಸಾಕು ಬಿಡಿ ಅಮ್ಮ ಎಂಬ ಮಾತು ಫೋನು ಹಿಡಿದ ದಿಯೆಪ್ಪಳ ನಾಲಿಗೆ ತುದಿಗೆ ಬಂದಿತ್ತು, ಆದರೆ ಅನ್ನಲಿಲ್ಲ. ಮೂರನೆಯ ಸಲ ನ್ಯಾನ್ ಗುರುತಿನ ಚೀಟಿಯನ್ನು ಗಲ್ಲದ ಕೆಳಗೆ ಹಿಡಿದು, ಪಾಠ ಒಪ್ಪಿಸುವ ಮಗುವಿನಂತೆ ಎಲ್ಲವನ್ನೂ ಸರಿಯಾಗಿ ಹೇಳಿದರು. ಒಳಗೆ ಹೋಗಿ ನಿಲುವಂಗಿ ಬಿಚ್ಚಿಟ್ಟು ಶುಂಠಿ ಹೆಚ್ಚಲು ಕೂತರು. ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಉತ್ತರ ನಾಲ್ಕು ದಿನದ ಮೇಲೆ ಬಂತು. ಮನೆಮನೆಯಲ್ಲೂ ಒಲೆದೇವರನ್ನು ಸ್ವರ್ಗಕ್ಕೆ ಬೀಳ್ಕೊಡುವ ದಿನ ಅದು. ದಿಯೆಪ್ ಒಲೆಯ ಮೇಲಿನ ಗೂಡು ಒರೆಸುತ್ತಿದ್ದಳು. ಫೋನು ಗುಂಯ್ಗುಟ್ಟಿತು. ಮಾಲೀಕರು ವಂಚನೆಯನ್ನು ಸ್ವತಃ ಒಪ್ಪಿಕೊಂಡಿರುವುದರಿಂದ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಈ ನಿರ್ಧಾರ ಅಂತಿಮ.

ಅವಳು ಕ್ವಾನ್‌ಗೆ ಫೋನು ಮಾಡಿದಳು. ಬೇರೆ ಯಾರೋ ಎತ್ತಿದರು. ಕ್ವಾನ್ ಎಂಬವರು ಈ ವಿಭಾಗದಲ್ಲಿ ಇಲ್ಲ ಅಂದರು.

ಖಾಂಗ್ ಸುದ್ದಿ ಕೇಳಿ ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಸೇತುವೆಗೆ ಹೋದ. ಮರುದಿನ ಹಳೆಯ ಬಸ್ ಕಂಪನಿಗೆ ಹೋಗಿ ಕೇಳಿ ಬಂದ. ಹಬ್ಬ ಕಳೆಯಲಿ, ನೋಡೋಣ ಅಂದರಂತೆ. ಅತ್ತೆ ಮಾತ್ರ ಅಂಗಡಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರ ಚಿಂತೆ ಬೇರೆಯೇ ಇತ್ತು. ಅದು ಎರಡು ದಿನದ ಮೇಲೆ, ಅಕ್ಕಿ ಆರಿಸುವಾಗ ಹೊರಬಂತು.

"ಆ ವಿಡಿಯೊ ಈಗ ಎಲ್ಲಿರುತ್ತೆ?"

"ಕಂಪನಿ ಹತ್ರ."

"ಯಾರು ಯಾರು ನೋಡ್ತಾರೆ?"

"ಗೊತ್ತಿಲ್ಲ ಅಮ್ಮ. ಯಾರೂ ನೋಡಲ್ಲ."

"ಯಾರೂ ನೋಡದೇ ಹೇಗೆ ಮುಚ್ಚಿದ್ರು? ಖಾಂಗಂದು ಊರೆಲ್ಲ ಸುತ್ತಿತಲ್ಲ, ಹಾಗೆ ಇದೂ ಸುತ್ತಿದ್ರೆ? ನಾನು ಸತ್ ಮೇಲೂ ಅದು ಅಲ್ಲೇ ಇರುತ್ತಾ?" ನ್ಯಾನ್ ಅಕ್ಕಿಯಲ್ಲಿ ಕೈಯಾಡಿಸುತ್ತಲೇ ಇದ್ದರು. "ಅಂಗಡಿ ಹೋಗ್ಲಿ ಮಗಳೇ. ಅದನ್ನ ಅಳಿಸೋಕೆ ಹೇಳು. ಚೆನ್ನಾಗಿ ಬರೀತೀಯ ನೀನು. ಇದೊಂದು ಬರಿ."

ದಿಯೆಪ್ ಬರೆದಳು. ನಮಸ್ಕಾರ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ. ಖಾತೆಯ ವಿಷಯದಲ್ಲಿ ನಿಮ್ಮ ನಿರ್ಧಾರವನ್ನು ಒಪ್ಪಿದ್ದೇವೆ, ಅದನ್ನು ಮತ್ತೆ ಕೇಳುವುದಿಲ್ಲ. ನಮ್ಮ ತಾಯಿಯವರಿಗೆ ಅರವತ್ತೊಂಬತ್ತು ವರ್ಷ. ಅವರು ಹೇಳಿದ್ದು ನಿಜವಲ್ಲ, ನಾವು ಹೇಳಿಸಿದ್ದು. ಆ ವಿಡಿಯೊವನ್ನು ಅಳಿಸಿ, ಅಳಿಸಿದ್ದೇವೆಂದು ಒಂದು ಸಾಲು ತಿಳಿಸಿದರೆ ಸಾಕು. ಬರೆದು ಎರಡು ಸಲ ಓದಿ, ಬಿಸಿ ಅನ್ನ ನಾಲ್ಕು ತುತ್ತು ತಿಂದು, ಮತ್ತೊಮ್ಮೆ ಓದಿ ಕಳಿಸಿದಳು.

ಹಬ್ಬಕ್ಕೆ ನಾಲ್ಕು ದಿನ ಇದ್ದಾಗ, ಮಧ್ಯಾಹ್ನದ ಹೊತ್ತು, ಉತ್ತರ ಬಂತು. ಅತ್ತೆ ಎದುರಿಗೇ ಕೂತಿದ್ದರು.

"ಅವರೇನಾ?"

"ಹೂಂ."

"ಓದು."

ಫೋನಿನ ಸಣ್ಣ ಅಕ್ಷರ ನ್ಯಾನ್ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ತೆರೆಯ ಮೇಲೆ ಮೂರು ಸಾಲಿತ್ತು: ಈ ಖಾತೆ ಮುಚ್ಚಲಾಗಿದೆ, ಸಂದೇಶಗಳನ್ನು ಸ್ವೀಕರಿಸಲಾಗುವುದಿಲ್ಲ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ. ದಿಯೆಪ್ ಗಂಟಲು ಸರಿಮಾಡಿಕೊಂಡಳು.

"ಮಾನ್ಯ ನ್ಯಾನ್ ಅವರೇ, ನಮಸ್ಕಾರ," ಎಂದು ಶುರುಮಾಡಿದಳು. "ನಿಮಗಾದ ನೋವಿಗೆ ಮೊದಲು ನಿಮ್ಮ ಕ್ಷಮೆ ಕೇಳುತ್ತೇವೆ. ನಿಮ್ಮ ಮಗಳು ದಿನವೂ ದುಡ್ಡು ಕೊಟ್ಟೇ ಕೊಂಡಿದ್ದಾರೆಂದು ನಾವು ಪರಿಶೀಲಿಸಿ ತಿಳಿದುಕೊಂಡಿದ್ದೇವೆ. ನೀವು ಯಾರಿಗೂ ಮೋಸ ಮಾಡಿಲ್ಲ. ನಿಮ್ಮ ವಿಡಿಯೊವನ್ನು ಇಂದು ಬೆಳಿಗ್ಗೆ ಅಳಿಸಿಹಾಕಿದ್ದೇವೆ. ಅದನ್ನು ನೋಡಿದವರು ಇಬ್ಬರೇ, ಇಬ್ಬರೂ ಅದನ್ನು ನಂಬಲಿಲ್ಲ. ನಿಯಮದ ಕಾರಣ ಅಂಗಡಿಯನ್ನು ಮತ್ತೆ ತೆರೆಯಲು ಆಗದೆ ಇರುವುದಕ್ಕೆ ವಿಷಾದವಿದೆ. ನಿಮಗೂ ಮನೆಯವರಿಗೂ ಹೊಸವರ್ಷ ಒಳ್ಳೆಯದನ್ನು ತರಲಿ."

ನ್ಯಾನ್ ಕೈಗಳನ್ನು ಅಂಗಿಯ ಅಂಚಿಗೆ ಒರೆಸಿಕೊಂಡು, ಸೊಸೆಯ ಪಕ್ಕಕ್ಕೆ ಸರಿದು ಕೂತರು. ಮೂರು ವಾರದಲ್ಲಿ ಮೊದಲ ಸಲ ಅವರ ಭುಜ ಸಡಿಲವಾಗಿತ್ತು.

"ಕಂಪನಿಯೋರಾದ್ರೂ ಮರ್ಯಾದಸ್ಥರು," ಅಂದರು. "ಖಾಂಗ್ ಬರ್ಲಿ, ವೀನೂ ಕರೀತೀನಿ. ಎಲ್ರೂ ಕೇಳ್ಲಿ. ಈಗ ನಂಗೆ ಇನ್ನೊಂದ್ ಸಲ ಓದು. ನಿಧಾನಕ್ಕೆ."

ದಿಯೆಪ್ ಫೋನು ನೋಡಿದಳು. ಮೊದಲು ಹೇಳಿದ್ದು ಯಾವ ಮಾತು, ಆಮೇಲೆ ಯಾವುದು, ಒಂದು ಅಕ್ಷರವೂ ಹೆಚ್ಚುಕಡಿಮೆಯಾಗಬಾರದು.

"ಮಾನ್ಯ ನ್ಯಾನ್ ಅವರೇ, ನಮಸ್ಕಾರ," ಅಂದಳು.